ಬಿಯರಿಗೆ ಮರುಜೀವ ಕೊಟ್ಟ ಫ್ರಿಟ್ಜ್ ಮೇಟ್ಯಾಗ್

ರಾಗಿ ಮಾಲ್ಟ್ ಕುಡಿದು ಬೆಳೆದವರಿಗೆ ಬಿಯರಿನ ಅರ್ಧ ಗುಟ್ಟು ಆಗಲೇ ಗೊತ್ತಿದೆ ಎಂದರೆ ಆಶ್ಚರ್ಯವಾದೀತು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳಿಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಶಕ್ತಿಯಿದೆ. ಬಾರ್ಲಿಯನ್ನು ಹೀಗೆಯೇ ಮೊಳಕೆ ಬರಿಸಿ ಒಣಗಿಸಿ, ನುಚ್ಚು ಮಾಡಿ ಬಿಸಿ ನೀರಿನಲ್ಲಿ ನೆನೆಸಿದರೆ ಸಿಹಿಯಾದ ರಸ ಸಿಗುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಮುಂದಿನದೆಲ್ಲ ಆ ಸೂಕ್ಷ್ಮಜೀವಿಯ ಕೆಲಸ. ಸಕ್ಕರೆ ತಿಂದ ಯೀಸ್ಟ್ ಆಲ್ಕೊಹಾಲನ್ನೂ ನೊರೆ ಎಬ್ಬಿಸುವ ಅನಿಲವನ್ನೂ ಬಿಡುತ್ತದೆ.

ಕುಡಿತದ ಗುಣಾವಗುಣ ಬೇರೆ ಮಾತು. ನೀರು, ಮಾಲ್ಟ್, ಹಾಪ್ಸ್, ಯೀಸ್ಟ್ ಎಂಬ ನಾಲ್ಕೇ ಸಾಮಗ್ರಿಗಳಿಂದ ಆಗುವ ಈ ಪಾನೀಯದಲ್ಲಿ ಕಸುಬುದಾರಿಕೆ ಎಲ್ಲಿಂದ ಬಂತು? ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವವರನ್ನು ಮಾತಿಗೆಳೆದರೆ ಬಹುತೇಕ ಎಲ್ಲರ ಬಾಯಲ್ಲೂ ಒಂದಲ್ಲ ಒಂದು ಹೊತ್ತಿಗೆ ಬರುವ ಹೆಸರು ಫ್ರಿಟ್ಜ್ ಮೇಟ್ಯಾಗ್. ಅಮೆರಿಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳಿಗೆ ಮನೆಮಾತಾದ ಮೇಟ್ಯಾಗ್ ಮನೆತನದ ಕುಡಿ. ಈತ 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಂಕರ್ ಎಂಬ ಬಡಕಲು ಬ್ರೂವರಿಯ ಹೆಚ್ಚಿನ ಪಾಲನ್ನು ಕೆಲವೇ ಸಾವಿರ ಡಾಲರಿಗೆ ಕೊಂಡ.

ಆಂಕರ್ ಎಂದರೆ ಹಡಗಿನ ಲಂಗರು. ಬ್ರೂವರಿಗೆ ಆ ಹೆಸರು ಬಂದದ್ದು 1896ರಲ್ಲಿ. 1906ರ ಭೂಕಂಪದ ಬೆನ್ನಿಗೆ ನಗರವನ್ನು ನುಂಗಿದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು, ಮತ್ತೆ ಎದ್ದಿತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ಮುಚ್ಚಿತು, ಮತ್ತೆ ತೆರೆಯಿತು. ಅದು ಮಾಡುತ್ತಿದ್ದ ‘ಸ್ಟೀಮ್ ಬಿಯರ್’ ಕೂಡ ಅನಾನುಕೂಲದ ಕೂಸೇ. ಲಾಗರ್ ಬಿಯರಿನ ಯೀಸ್ಟಿಗೆ ತಂಪು ಬೇಕು. ಹತ್ತೊಂಬತ್ತನೆಯ ಶತಮಾನದ ಕ್ಯಾಲಿಫೋರ್ನಿಯದಲ್ಲಿ ಮಂಜುಗಡ್ಡೆ ದುರ್ಲಭ. ಹಾಗಾಗಿ ಅಲ್ಲಿನವರು ಅಗಲವಾದ, ಆಳವಿಲ್ಲದ ತೊಟ್ಟಿಗಳಲ್ಲಿ, ಇದ್ದ ಹವೆಯಲ್ಲೇ ಅದನ್ನು ಹುದುಗಿಸಿದರು. ಪೀಪಾಯಿ ತೆರೆದಾಗ ಅನಿಲ ಉಗಿಯಂತೆ ಬುಸ್ಸೆಂದು ನುಗ್ಗುತ್ತಿದ್ದುದರಿಂದ ಈ ಹೆಸರು ಬಂತು ಎನ್ನುವವರಿದ್ದಾರೆ.

ಮೇಟ್ಯಾಗ್ ಕೈಗೆ ಬರುವ ವೇಳೆಗೆ ಆ ಬಿಯರ್ ಆಗಾಗ ಹುಳಿಯಾಗಿ ಗಿರಾಕಿಗಳು ಹಿಂದೆಗೆಯುತ್ತಿದ್ದರು. ದೋಸೆ ಹಿಟ್ಟು ಹುಳಿಯಾದರೆ ನಮಗೆ ಸಂತೋಷ. ಬಿಯರಿಗೆ ಅದೇ ರೋಗ. ಬೇಡದ ಸೂಕ್ಷ್ಮಜೀವಿಗಳು ಹೊಕ್ಕರೆ ಬಿಯರ್ ಕೆಡುತ್ತದೆಂದು ಲೂಯಿ ಪ್ಯಾಶ್ಚರ್ 1876ರ ತನ್ನ ಗ್ರಂಥದಲ್ಲೇ ವಿವರಿಸಿದ್ದ. ಮೇಟ್ಯಾಗ್ ಸೂಕ್ಷ್ಮದರ್ಶಕ ಹಿಡಿದು ಕುಳಿತ. ಪಾತ್ರೆ, ಕೊಳವೆ, ತೊಟ್ಟಿಗಳ ಶುಚಿತ್ವವೇ ಮೊದಲ ಪಾಠವೆಂದು ಕಂಡುಕೊಂಡ. ದೊಡ್ಡ ಕಂಪನಿಗಳು ಖರ್ಚು ಉಳಿಸಲು ಬಾರ್ಲಿಯ ಜೊತೆ ಅಕ್ಕಿ, ಮೆಕ್ಕೆಜೋಳ ಬೆರೆಸಿ ದೇಶಕ್ಕೆಲ್ಲ ಒಂದೇ ತೆರನ ತೆಳು ಬಿಯರ್ ಹಂಚುತ್ತಿದ್ದ ಕಾಲ ಅದು. ಈತ ಬಾರ್ಲಿ ಮಾಲ್ಟನ್ನೇ ನೆಚ್ಚಿದ. ಲಾಭದ ಮುಖ ಕಾಣಲು ಸುಮಾರು ಹತ್ತು ವರ್ಷ ಹಿಡಿಯಿತು.

1975ರಲ್ಲಿ ಆಂಕರ್ ಹೊರತಂದ ಲಿಬರ್ಟಿ ಏಲ್ ಎಂಬ ಬಿಯರಿನಲ್ಲಿ ಕ್ಯಾಸ್ಕೇಡ್ ಎಂಬ ಅಮೆರಿಕನ್ ಹಾಪ್ಸ್ ಬಳಸಿದರು. ಅದರ ಕಿತ್ತಳೆ ಸಿಪ್ಪೆಯಂಥ ಪರಿಮಳವೇ ಮುಂದೆ ಅಮೆರಿಕದ ಸಣ್ಣ ಬ್ರೂವರಿಗಳ ಗುರುತಾಯಿತು. ಆಂಕರನ್ನು ಕಣ್ಣಾರೆ ನೋಡಿ ಬಂದ ಜ್ಯಾಕ್ ಮೆಕಾಲಿಫ್ 1976ರಲ್ಲಿ ಸೊನೋಮದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಕಟ್ಟಿದ. ಅದು ಕೆಲವೇ ವರ್ಷಗಳಲ್ಲಿ ಮುಚ್ಚಿದರೂ ಅದನ್ನು ಕಂಡು ಧೈರ್ಯ ತಂದುಕೊಂಡವರು ಹಲವರು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಒಕ್ಕೂಟ ಸರ್ಕಾರದ ಅಡ್ಡಿಯನ್ನು ತೆಗೆಯಿತು. ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವರೇ ಮುಂದೆ ಬ್ರೂವರಿ ತೆರೆದರು. 1970ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ನೂರಕ್ಕೂ ಕಡಿಮೆಯಿದ್ದ ಬ್ರೂವರಿಗಳು ಇಂದು 9,000 ದಾಟಿವೆ. 2010ರ ನಂತರ ಬೆಂಗಳೂರಿನಲ್ಲಿ ಒಂದರ ಹಿಂದೊಂದು ತೆರೆದುಕೊಂಡ, ತಾವು ಮಾಡಿದ್ದನ್ನು ಅಲ್ಲೇ ಬಡಿಸುವ ಮೈಕ್ರೋಬ್ರೂವರಿಗಳೂ ಈ ಅಲೆಯ ದೂರದ ತೆರೆಗಳೇ.

ಮೇಟ್ಯಾಗನ ಕುತೂಹಲ ವ್ಯಾಪಾರಕ್ಕೆ ನಿಲ್ಲಲಿಲ್ಲ. ನಿಂಕಾಸಿ ಸುಮೇರಿಯನ್ನರ ಬಿಯರ್ ದೇವತೆ. ಕ್ರಿ.ಪೂ. 1800ರ ಸುಮಾರಿನ ಮಣ್ಣಿನ ಹಲಗೆಗಳಲ್ಲಿ ಆಕೆಯ ಸ್ತೋತ್ರವಿದೆ. ಸ್ತುತಿಯ ನಡುವೆ ಬಿಯರ್ ಮಾಡುವ ಬಗೆಯೂ ಅಡಗಿದೆ. ಮಾನವಶಾಸ್ತ್ರಜ್ಞ ಸಾಲೊಮನ್ ಕ್ಯಾಟ್ಜ್ ಜೊತೆಗೂಡಿ, ಅದೇ ಜಾಡು ಹಿಡಿದು ಬಾರ್ಲಿಯ ರೊಟ್ಟಿ, ಜೇನು, ಖರ್ಜೂರಗಳಿಂದ 1989ರಲ್ಲಿ ಆಂಕರ್ ಒಂದು ಬಿಯರ್ ಮಾಡಿತು. ಅದರಲ್ಲಿ ಹಾಪ್ಸ್ ಇರಲಿಲ್ಲ. ಸುಮೇರಿಯನ್ನರಿಗೆ ಅದು ಗೊತ್ತಿರಲಿಲ್ಲ.

2010ರಲ್ಲಿ ಮೇಟ್ಯಾಗ್ ಆಂಕರನ್ನು ಮಾರಿದ. 2017ರಲ್ಲಿ ಅದು ಜಪಾನಿನ ಸಪ್ಪೊರೊ ಕಂಪನಿಯ ಪಾಲಾಯಿತು. ಭೂಕಂಪ, ಬೆಂಕಿ, ಪಾನನಿಷೇಧಗಳನ್ನು ದಾಟಿ ಬಂದ ಬ್ರೂವರಿಯನ್ನು, ಮಾರಾಟ ಕುಸಿದಿದೆ ಎಂದು 2023ರ ಜುಲೈನಲ್ಲಿ ಮುಚ್ಚಲಾಯಿತು. ಮರುವರ್ಷ ಚೊಬಾನಿ ಮೊಸರಿನ ಕಂಪನಿ ಕಟ್ಟಿದ ಹಮ್ದಿ ಉಲುಕಾಯ ಅದನ್ನು ಕೊಂಡರು.

ಹೆಸರು, ಕಟ್ಟಡ, ತಾಮ್ರದ ಕಡಾಯಿಗಳು ಹೀಗೆ ಕೈ ಬದಲಾಯಿಸುತ್ತವೆ. ಆದರೆ ಸಣ್ಣವರೂ ಒಳ್ಳೆಯ ಬಿಯರ್ ಮಾಡಿ ಬದುಕಬಹುದೆಂದು ಆಂಕರ್ ತೋರಿಸಿಕೊಟ್ಟದ್ದು ಅದರ ಗೋಡೆಗಳಾಚೆಗೆ ಹೋಗಿ ಬಹಳ ಕಾಲವಾಗಿದೆ. ಆ ಪಾಠವನ್ನು ಯಾವ ಕಂಪನಿಯೂ ಬೀಗ ಹಾಕಿ ಇಟ್ಟುಕೊಳ್ಳಲಾರದು.