ನೀರಿನೊಳಗೆ ರಿಮೋಟಿನ ಮಾತು ಕೇಳಿಸುವುದೇ?

ನಿಮ್ಮ ಮಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪುಟ್ಟದೊಂದು ಜಲಾಂತರ್ಗಾಮಿ ಮಾಡುತ್ತೇನೆಂದು ಹೇಳಿ ರಿಮೋಟ್ ಕೊಳ್ಳಲು ಹಣ ಕೇಳಿದನೆಂದು ಇಟ್ಟುಕೊಳ್ಳಿ. ನೀವು ಬೆಲೆ ವಿಚಾರಿಸುವಿರಿ, ಗ್ಯಾರಂಟಿ ಇದೆಯೇ ಎಂದು ಕೇಳುವಿರಿ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಆ ರಿಮೋಟ್ ಎಷ್ಟು ಮೆಗಾಹರ್ಟ್ಸ್‌ನದು?

ಈ ಪ್ರಶ್ನೆಯ ಮಹತ್ವ ನನಗೆ ತಿಳಿದದ್ದು ಗುಂಡ್ಲುಪೇಟೆ ಬಳಿಯ ಒಂದು ಕೃಷಿ ಹೊಂಡದ ದಡದಲ್ಲಿ. ನನ್ನ ವಿದ್ಯಾರ್ಥಿಯೊಬ್ಬ, ಪಂಕ್ಚರ್ ಅಂಗಡಿಯವರ ಮಗ, ಪಿವಿಸಿ ಪೈಪಿನಿಂದ ಬಹಳ ಚೆನ್ನಾಗಿ ಒಂದು ಜಲಾಂತರ್ಗಾಮಿ ಮಾಡಿದ್ದ. ತಂದೆ ಮೂರು ಸಾವಿರ ರೂಪಾಯಿ ಕೊಟ್ಟು ರಿಮೋಟ್ ತರಿಸಿದ್ದರು. ಮನೆಯ ಟಬ್ಬಿನಲ್ಲಿ ಅದು ಹೇಳಿದಂತೆ ಕೇಳಿತ್ತು. ಚಾಮರಾಜನಗರದ ಪ್ರದರ್ಶನಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಹೊಂಡದಲ್ಲಿ ಬಿಟ್ಟೆವು. ಮುಳುಗಿದ್ದು ಮೇಲೇಳಲಿಲ್ಲ. "ಸಾರ್, ಅಬ್ಬಾಗೆ ಏನು ಹೇಳಲಿ?" ಎನ್ನುತ್ತಾ ಹುಡುಗ ಅಂಗಿ ಬಿಚ್ಚತೊಡಗಿದ. ನಾನು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹೊದಿಕೆ ನೀರು ತಾಗಿದರೆ ವಿಪರೀತ ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಜಲಾಂತರ್ಗಾಮಿ ಅಲ್ಲಿಯೇ ಉಳಿಯಿತು, ಹುಡುಗನನ್ನು ನಾನೇ ಮನೆಗೆ ಕರೆದೊಯ್ದೆ.

ತಪ್ಪು ಅವನದಲ್ಲ. ಈಗ ಕಾರು, ದೋಣಿ, ಡ್ರೋನ್‌ಗಳಿಗೆಂದು ಸಿಗುವ ರಿಮೋಟ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನವು. ಗಾಳಿಯಲ್ಲಿ ಅವು ಸೊಗಸಾಗಿ ಕೆಲಸ ಮಾಡುತ್ತವೆ. ನೀರಿನಲ್ಲಿ ಏನಾಗುತ್ತದೆಂಬುದು ಮೈಕ್ರೋವೇವ್ ಒಲೆ ಬಳಸುವ ತಾಯಂದಿರಿಗೆ ಬೇಗ ಅರ್ಥವಾದೀತು. ಆ ಒಲೆ ಸಾರನ್ನು ಬಿಸಿ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ತರಂಗಗಳಿಂದ. ಸಾರಿನಲ್ಲಿರುವ ನೀರು ತರಂಗಗಳನ್ನು ಹೀರಿಕೊಂಡು ಬಿಸಿಯಾಗುತ್ತದೆ. ರಿಮೋಟಿನ ಅಪ್ಪಣೆಯನ್ನೂ ನೀರು ಹೀಗೆಯೇ ಹೀರಿಬಿಡುತ್ತದೆ. ಸಿಹಿನೀರಿನಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಸಾಗುವಷ್ಟರಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಒಂದು ಗೇಣು ಆಳದಲ್ಲಿ ಉಳಿಯುವುದು ಹತ್ತಾರು ಸಾವಿರದಲ್ಲಿ ಒಂದು ಪಾಲು. ಟಬ್ಬಿನಲ್ಲಿ ಅದು ಮಾತು ಕೇಳಿದ್ದಕ್ಕೆ ಕಾರಣ ಇಷ್ಟೇ, ಅಲ್ಲಿ ಅದಕ್ಕೆ ಮುಳುಗಲು ಆಳವೇ ಇರಲಿಲ್ಲ.

ಆವರ್ತನ ಇಳಿದಷ್ಟೂ ರೇಡಿಯೋ ತರಂಗ ನೀರಿನೊಳಗೆ ಆಳಕ್ಕೆ ಹೋಗುತ್ತದೆ. ನಮ್ಮ ನೌಕಾಪಡೆ 1990ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಕೇಂದ್ರ ಸ್ಥಾಪಿಸಿತು. ಸಮುದ್ರದೊಳಗಿನ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸುವುದೇ ಅದರ ಕೆಲಸ. ಅದು ಬಳಸುವುದು ಮೆಗಾಹರ್ಟ್ಸ್ ಅಲ್ಲ, ಕೆಲವೇ ಕಿಲೋಹರ್ಟ್ಸ್‌ಗಳ ತೀರಾ ಕೆಳಗಿನ ಆವರ್ತನ. ಅದಕ್ಕೆ ಆಕಾಶದೆತ್ತರದ ಗೋಪುರಗಳು ಬೇಕು. ನಮ್ಮ ಮಕ್ಕಳಿಗೆ ಅಷ್ಟೆಲ್ಲ ಬೇಡ. 27 ಅಥವಾ 40 ಮೆಗಾಹರ್ಟ್ಸ್‌ನ ಹಳೆಯ ಮಾದರಿಯ ಸೆಟ್ ಸಿಹಿನೀರಿನ ಕೊಳದಲ್ಲಿ ಕೆಲವು ಅಡಿ ಆಳಕ್ಕೂ ಮಾತು ತಲುಪಿಸುತ್ತದೆ. ಹಾಗಾಗಿಯೇ ಎಲ್ಲರೂ 2.4ಕ್ಕೆ ಬದಲಾದ ಮೇಲೂ ಜಲಾಂತರ್ಗಾಮಿ ಹವ್ಯಾಸಿಗಳು ಈ ಹಳೆಯ ಸೆಟ್‌ಗಳನ್ನು ಬಿಟ್ಟಿಲ್ಲ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಕಿಲ್ಲ. ಗಲ್ಫ್‌ನಲ್ಲಿರುವ ಮಾಮಾ ಬೇರೆ ಆವರ್ತನದ ಸೆಟ್ ತರುತ್ತೇನೆಂದರೆ ಮೊದಲು ನಿಯಮ ವಿಚಾರಿಸಿರಿ.

27 ಎಂದು ಬರೆದಿದ್ದರೆ ಸಾಲದು. ಆಟಿಕೆಯ ಸೆಟ್‌ಗಳು ಬಹುತೇಕ 'ಓಡು, ನಿಲ್ಲು' ಎಂಬೆರಡು ಮಾತು ಮಾತ್ರ ಬಲ್ಲವು. ಕೋಲನ್ನು ಸ್ವಲ್ಪ ತಿರುಗಿಸಿದರೆ ಚುಕ್ಕಾಣಿಯೂ ಸ್ವಲ್ಪವೇ ತಿರುಗುವಂಥದ್ದು ಬೇಕು. ಮೋಟಾರು, ಚುಕ್ಕಾಣಿ, ಮೇಲೆ ಕೆಳಗೆ ಮಾಡುವ ರೆಕ್ಕೆ, ನೀರು ತುಂಬುವ ತೊಟ್ಟಿ ಎಂದು ನಾಲ್ಕು ಚಾನೆಲ್ ಇದ್ದರೆ ಒಳ್ಳೆಯದು. ರಿಸೀವರಿನ ಉದ್ದನೆಯ ಆಂಟೆನಾ ತಂತಿಯನ್ನು ಕತ್ತರಿಸಬಾರದು, ಸುರುಳಿ ಸುತ್ತಬಾರದು. ಪೈಪಿನೊಳಗೆ ನೇರವಾಗಿ ಚಾಚಿರಬೇಕು, ಬರಿಯ ತುದಿ ನೀರಿಗೆ ತಾಗಬಾರದು. ಹೊರಮೈ ಲೋಹದ್ದಾದರೆ ಒಳಗಿನ ಆಂಟೆನಾಗೆ ಏನೂ ಕೇಳಿಸುವುದಿಲ್ಲ.

ನಮ್ಮ ಜಿಲ್ಲೆಯವರು ಇನ್ನೊಂದನ್ನು ಗಮನಿಸಬೇಕು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ದಿನವೂ ನೋಡುತ್ತೀರಿ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಹರಿಯಗೊಡುತ್ತದೆ, ರೇಡಿಯೋ ತರಂಗವನ್ನೂ ಹೆಚ್ಚು ನುಂಗುತ್ತದೆ. ಸಮುದ್ರದ ಉಪ್ಪುನೀರಿನಲ್ಲಂತೂ 27 ಮೆಗಾಹರ್ಟ್ಸ್ ಕೂಡ ಒಂದೆರಡು ಅಡಿಯಲ್ಲೇ ಸೋಲುತ್ತದೆ. ಮಳೆನೀರಿನ ಕೆರೆಯಲ್ಲಿ ಓಡಿದ್ದು ಬೋರ್‌ವೆಲ್ ತೊಟ್ಟಿಯಲ್ಲಿ ಅಷ್ಟೇ ಆಳಕ್ಕೆ ಹೋದೀತೆಂದು ನಂಬಬೇಡಿ.

ನಮ್ಮ ಹುಡುಗನಿಗೆ ಹೊಸ ಸೆಟ್ ಹುಡುಕುವಷ್ಟು ಸಮಯವಿರಲಿಲ್ಲ, ಹಣವೂ ಇರಲಿಲ್ಲ. ಉಳಿದ ಪೈಪಿನಲ್ಲಿ ಚಿಕ್ಕದೊಂದನ್ನು ಮಾಡಿ, ಕರೆಗಂಟೆಯ ತಂತಿ ಕಟ್ಟಿ, ಸ್ವಿಚ್ಚಿನಿಂದಲೇ ನಡೆಸಿದ. ತಂತಿ ಕಟ್ಟುವುದು ಅವಮಾನವೇನಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000 ಎಂಬ ಯಂತ್ರ 2010ರಲ್ಲಿ ಹಿಂದೂ ಮಹಾಸಾಗರದಲ್ಲಿ ಐದು ಸಾವಿರ ಮೀಟರಿಗೂ ಆಳಕ್ಕಿಳಿದದ್ದು ಕೇಬಲ್ ಹಿಡಿದುಕೊಂಡೇ. ಹುಡುಗನಿಗೆ ಬಹುಮಾನ ಬರಲಿಲ್ಲ. ಆದರೆ ತಂತಿ ಏಕೆಂದು ಕೇಳಿದವರಿಗೆಲ್ಲ ಮೈಕ್ರೋವೇವ್ ಒಲೆಯ ಕತೆ ಹೇಳುತ್ತಾ ನಿಂತಿದ್ದ.

ಯಾವ ಸೆಟ್ ಕೊಂಡರೂ ಯಂತ್ರದ ತೂಕವನ್ನು ಹೀಗೆ ಹೊಂದಿಸಿರಿ: ಮೋಟಾರು ಓಡುವಾಗ ರೆಕ್ಕೆಯ ಬಲದಿಂದ ಮುಳುಗಬೇಕು, ನಿಂತೊಡನೆ ತಾನಾಗಿ ತೇಲಬೇಕು. ಸಂಕೇತ ತಪ್ಪಿದರೆ ಮೋಟಾರು ನಿಲ್ಲಿಸುವ ಫೇಲ್‌ಸೇಫ್ ಸೌಲಭ್ಯ ಇದೆಯೇ ಎಂದು ಕೊಳ್ಳುವಾಗಲೇ ಕೇಳಿರಿ. ಮೊದಲ ಪರೀಕ್ಷೆ ಹೊಂಡದಲ್ಲಿ ಬೇಡ, ದೊಡ್ಡವರ ಎದುರಿನಲ್ಲಿ ಶಾಲೆಯ ತೊಟ್ಟಿಯಲ್ಲಿ ನಡೆಯಲಿ. ಬಾಲಕ್ಕೆ ಗಾಳದ ದಾರ ಕಟ್ಟಿ ಇನ್ನೊಂದು ತುದಿಯನ್ನು ನೀವೇ ಹಿಡಿದುಕೊಳ್ಳಿರಿ.