ಮಧ್ಯಕಾಲೀನ ನಾಣ್ಯಗಳ ಸಂಗ್ರಹ: ಹೇಮಗುಡ್ಡದ ಸೀಮೆಯಿಂದ ತೊಡಗಿ

ಗಂಗಾವತಿ ಪರಿಸರದ ಹೇಮಗುಡ್ಡ, ಕುಮ್ಮಟದುರ್ಗ ಮತ್ತು ಆನೆಗೊಂದಿಗಳು ಕರ್ನಾಟಕದ ಮಧ್ಯಕಾಲೀನ ಇತಿಹಾಸದ ದೊಡ್ಡ ತಿರುವೊಂದನ್ನು ಕಂಡ ನೆಲೆಗಳು. ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮನ ರಾಜ್ಯವು 1327ರ ಸುಮಾರಿಗೆ ದೆಹಲಿಯ ಸೈನ್ಯದ ದಾಳಿಗೆ ಸಿಕ್ಕಿ ಅಳಿದ ಮೇಲೆ, ಹತ್ತಾರು ವರ್ಷಗಳೊಳಗೆ ಇದೇ ತುಂಗಭದ್ರೆಯ ದಡದಲ್ಲಿ ವಿಜಯನಗರ ಬೆಳೆದು, ತನ್ನದೇ ಆದ ನಾಣ್ಯ ಪದ್ಧತಿಯನ್ನು ರೂಪಿಸಿಕೊಂಡಿತು. ಆದ್ದರಿಂದ ಈ ಭಾಗದ ಆಸಕ್ತರು ನಾಣ್ಯ ಸಂಗ್ರಹಕ್ಕೆ ತೊಡಗುವಾಗ ವಿಜಯನಗರವನ್ನೇ ಮೊದಲು ಆರಿಸಿಕೊಳ್ಳುವುದು ಉಚಿತ.

ವಿಜಯನಗರದ ಮುಖ್ಯ ಚಿನ್ನದ ನಾಣ್ಯವಾದ ವರಾಹದ ತೂಕ ಸುಮಾರು 3.4 ಗ್ರಾಂ, ಅದರ ಅರ್ಧವನ್ನು ಪ್ರತಾಪವೆಂದೂ, ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು ತೂಗುವ ಪುಟ್ಟ ನಾಣ್ಯವನ್ನು ಹಣವೆಂದೂ ಕರೆಯುತ್ತಿದ್ದರು. ಬೆಳ್ಳಿಯ ತಾರ ಅತ್ಯಂತ ವಿರಳ. ತಾಮ್ರದ ನಾಣ್ಯಕ್ಕೆ ಜೀತಲ್ ಎಂಬ ಹೆಸರಿತ್ತೆಂಬುದು 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನ ಬರಹದಿಂದ ತಿಳಿಯುತ್ತದೆ. ಹರಿಹರನ ಹನುಮಂತ, ದೇವರಾಯನ ಆನೆ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ ಮುಂತಾದ ಲಾಂಛನಗಳೂ, ಕನ್ನಡ ಅಥವಾ ನಾಗರಿ ಲಿಪಿಯ ಅರಸನ ಹೆಸರೂ ನಾಣ್ಯವನ್ನು ಗುರುತಿಸುವ ಮುಖ್ಯ ಆಧಾರಗಳು. ಚಿನ್ನಕ್ಕಿಂತ ಅಗ್ಗವಾದ ತಾಮ್ರದ ನಾಣ್ಯಗಳಿಂದ ಆರಂಭಿಸಿ, ಸಂಗಮ, ಸಾಳುವ, ತುಳುವ, ಅರವೀಡು ಮನೆತನಗಳ ಕ್ರಮದಲ್ಲಿ ಮುಂದುವರಿದರೆ ಸಂಗ್ರಹಕ್ಕೆ ಒಂದು ವ್ಯವಸ್ಥೆ ಬರುತ್ತದೆ. ಕೃಷ್ಣಾ–ತುಂಗಭದ್ರಾ ನಡುವಣ ನೆಲಕ್ಕಾಗಿ ವಿಜಯನಗರದೊಡನೆ ಕಾದಾಡಿದ ಬಹಮನಿ ಮತ್ತು ವಿಜಯಪುರದ ಆದಿಲಶಾಹಿ ಸುಲ್ತಾನರ ನಾಣ್ಯಗಳನ್ನು ಬಳಿಕ ಸೇರಿಸಿಕೊಂಡರೆ ಈ ಸೀಮೆಯ ಚರಿತ್ರೆ ಎರಡೂ ಕಡೆಯಿಂದ ಕಾಣುತ್ತದೆ.

ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇರಿಸಿ ಸುತ್ತಿಗೆಯಿಂದ ಹೊಡೆದು ನಾಣ್ಯ ಟಂಕಿಸುತ್ತಿದ್ದುದರಿಂದ, ಅಚ್ಚಿಗಿಂತ ಬಿಲ್ಲೆ ಚಿಕ್ಕದಿದ್ದಾಗ ಅಕ್ಷರಗಳು ಅಂಚಿನಲ್ಲಿ ಅರ್ಧಕ್ಕೇ ನಿಲ್ಲುತ್ತವೆ, ಇದು ದೋಷವಲ್ಲ. ಆದರೆ ಅಂಚಿನುದ್ದಕ್ಕೂ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಕುಳಿಗಳು ಅಥವಾ ತೂಕದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಅದು ಎರಕ ಹೊಯ್ದ ನಕಲಿಯೆಂದು ಶಂಕಿಸಬೇಕು. ಹೀಗಾಗಿ ಭೂತಗನ್ನಡಿಯೂ ಸೂಕ್ಷ್ಮ ತಕ್ಕಡಿಯೂ ಸಂಗ್ರಾಹಕರ ಮೊದಲ ಸಾಧನಗಳು. ತಾಮ್ರದ ಮೇಲೆ ಕಾಲದಿಂದ ಕಟ್ಟಿಕೊಂಡ ಪದರವು ಲೋಹವನ್ನು ಕಾಯುವುದರಿಂದ, ಹುಣಸೆಹಣ್ಣು ಅಥವಾ ನಿಂಬೆರಸದಿಂದ ಅದನ್ನು ಉಜ್ಜಿ ಹೊಳೆಯಿಸುವುದು ನಾಣ್ಯಕ್ಕೆ ಮಾಡುವ ಹಾನಿಯೇ ಸರಿ.

ಕಾನೂನಿನ ತಿಳಿವಳಿಕೆಯೂ ಅಷ್ಟೇ ಅಗತ್ಯ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷಕ್ಕೆ ಮೀರಿದ ನಾಣ್ಯಗಳು ಪುರಾವಸ್ತುಗಳಾಗಿದ್ದು, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಕೊಳ್ಳುವಾಗ ಪರವಾನಗಿ ಪಡೆದ ವ್ಯಾಪಾರಿಯಿಂದ ರಸೀದಿಯೊಡನೆ ಕೊಳ್ಳುವುದು, ತೂಕ, ಅಳತೆ, ಲಿಪಿ, ದೊರೆತ ಊರು ಇವುಗಳನ್ನು ಪ್ರತಿ ನಾಣ್ಯಕ್ಕೂ ಬರೆದಿಡುವುದು ಕಡ್ಡಾಯವೆಂದು ತಿಳಿಯಬೇಕು. ಕಮಲಾಪುರದ ಪುರಾತತ್ತ್ವ ಸಂಗ್ರಹಾಲಯದಲ್ಲಿರುವ ನಾಣ್ಯಗಳನ್ನು ನೋಡಿಯೂ, 1975ರಲ್ಲಿ ಪ್ರಕಟವಾದ ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕ ನಾಣ್ಯಗಳ ಕುರಿತ ಗ್ರಂಥವನ್ನು ಓದಿಯೂ ಕಣ್ಣು ಪಳಗಿದ ಮೇಲೆ ಹಣ ವೆಚ್ಚ ಮಾಡುವುದು ಲೇಸು. ಸಿಕ್ಕ ಊರಿನ ವಿವರ ಕಳೆದುಕೊಂಡ ವರಾಹಕ್ಕಿಂತ, ಎಲ್ಲಿಂದ ಬಂದಿತೆಂಬ ದಾಖಲೆಯುಳ್ಳ ಸವೆದ ತಾಮ್ರದ ನಾಣ್ಯವೇ ಚರಿತ್ರೆಗೆ ಹೆಚ್ಚು ಉಪಕಾರಿ.