ಡ್ರ್ಯಾಗನ್ ಸಹ್ಯ, ಬಕೆಟ್ ಅಸಹ್ಯ

ಪ್ರಶ್ನೆ: ಮಾಯಾಲೋಕದ ವಿಡಿಯೋ ಗೇಮ್‌ಗಳಲ್ಲಿ ಡ್ರ್ಯಾಗನ್‌ಗಳನ್ನೇ ಒಪ್ಪಿಕೊಳ್ಳುವ ಆಟಗಾರನಿಗೆ ಸಣ್ಣ ಅಸಂಗತಿಗಳು ಏಕೆ ರಸಭಂಗ ಉಂಟುಮಾಡುತ್ತವೆ?

ಉತ್ತರ: ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಕಲ್ಪಿತ ಲೋಕದಲ್ಲಿ ಸಂಚರಿಸುವ ‘ರೋಲ್ ಪ್ಲೇಯಿಂಗ್’ ಆಟಗಳಲ್ಲಿ, ಆ ಲೋಕವು ತಾನೇ ವಿಧಿಸಿಕೊಂಡ ನಿಯಮಗಳಿಗೆ ಬದ್ಧವಾಗಿರುವವರೆಗೆ ಮಾತ್ರ ತನ್ಮಯತೆ ಉಳಿಯುತ್ತದೆ. ಕಾವ್ಯಮೀಮಾಂಸಕ ಅಭಿನವಗುಪ್ತನು ರಸವಿಘ್ನಗಳನ್ನು, ಅಂದರೆ ರಸಾನುಭವಕ್ಕೆ ಒದಗುವ ಅಡ್ಡಿಗಳನ್ನು, ಎಣಿಸುವಾಗ ಸಂಭಾವ್ಯತೆಯ ಅಭಾವವನ್ನು ಮೊದಲಿಗೇ ಇಟ್ಟಿರುವುದು ಇಲ್ಲಿ ಸ್ಮರಣೀಯ.

2011ರಲ್ಲಿ ಬಂದ ‘ಸ್ಕೈರಿಮ್’ ಆಟದಲ್ಲಿ ಅಂಗಡಿಯವನ ತಲೆಯ ಮೇಲೆ ಬಕೆಟ್ ಕವುಚಿ, ಅವನೆದುರೇ ಸರಕನ್ನು ಕದಿಯಬಹುದಾಗಿತ್ತು; ಕಳ್ಳತನವನ್ನು ಪತ್ತೆ ಹಚ್ಚುವ ಲೆಕ್ಕಾಚಾರವು ಪಾತ್ರದ ದೃಷ್ಟಿರೇಖೆಯನ್ನು ಅವಲಂಬಿಸಿದ್ದುದರಿಂದ, ಬಕೆಟ್ ಅದನ್ನು ತಡೆದೊಡನೆ ಅಪರಾಧವೇ ಘಟಿಸದಂತಾಗುತ್ತಿತ್ತು. ತಲೆಗೆ ಬಕೆಟ್ ಬಿದ್ದರೂ ಅಂಗಡಿಯವನು ತಕರಾರೆತ್ತದಿರುವುದೇ ಹೆಚ್ಚಿನ ಸೋಜಿಗ. ಆದರೆ ಇಂತಹ ಲೋಪವು ನಗೆ ತರಿಸಿ ಮರೆಯಾಗುತ್ತದೆ.

ಹೆಚ್ಚು ಆಳವಾದ ಹಾನಿಯನ್ನು ‘ಸ್ಕೈರಿಮ್’ ಸರಣಿಯದೇ ಹಿಂದಿನ ಕೃತಿ ‘ಆಬ್ಲಿವಿಯನ್’ (2006) ತೋರಿಸುತ್ತದೆ. ಆಟಗಾರನ ಬಲ ಹೆಚ್ಚಿದಂತೆ ಎದುರಾಳಿಗಳ ಬಲವನ್ನೂ ಏರಿಸುವ ‘ಲೆವೆಲ್ ಸ್ಕೇಲಿಂಗ್’ ಎಂಬ ಏರ್ಪಾಡಿನ ಫಲವಾಗಿ, ಚಿಲ್ಲರೆ ಹಣಕ್ಕಾಗಿ ದಾರಿಗಡ್ಡ ನಿಲ್ಲುವ ಡಕಾಯಿತರು ಕ್ರಮೇಣ ಅತ್ಯಂತ ಬೆಲೆಬಾಳುವ ಕವಚಗಳನ್ನೇ ತೊಟ್ಟು ಬರುತ್ತಾರೆ. ಆಗ ಆ ಲೋಕಕ್ಕೆ ತನ್ನದೇ ಆದ ಅರ್ಥವ್ಯವಸ್ಥೆಯಾಗಲಿ ಶ್ರೇಣಿಯಾಗಲಿ ಇಲ್ಲವೆಂಬುದೂ, ಎಲ್ಲವೂ ಆಟಗಾರನ ಅಳತೆಗೆ ಹೊಲಿದದ್ದೆಂಬುದೂ ಬಯಲಾಗುತ್ತದೆ. ಅದೇ ಆಟದಲ್ಲಿ ನರಕದ ದ್ವಾರಗಳು ತೆರೆದು ಸಾಮ್ರಾಜ್ಯವು ಅಳಿವಿನಂಚಿನಲ್ಲಿದ್ದರೂ, ನಾಯಕನು ತಿಂಗಳುಗಟ್ಟಲೆ ಗಿಡಮೂಲಿಕೆ ಕೀಳುತ್ತ ಅಲೆದರೆ ಪ್ರಳಯವೂ ಸೌಜನ್ಯದಿಂದ ಕಾಯುತ್ತದೆ.